ನೋಡೋಕೆ ಎಲ್ಲಿ ನಿಲ್ಲಬೇಕು?

ರಾತ್ರಿ ಹತ್ತೂವರೆಗೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಕೆಂಪು ಬಂಡೆಯ ಪ್ರಪಾತ, ಅದರ ಅಂಚಿನಿಂದ ಆಚೆಗೆ ಚಾಚಿಕೊಂಡಿರೋ ಗಾಜಿನ ಸೇತುವೆ, ಕುದುರೆ ಲಾಳದ ಆಕಾರದ್ದು. ಕೆಳಗೆ ಎರಡೇ ಸಾಲು: "ಮೇಡಂ, ನಮ್ಮ ಗುಡ್ಡದ ಮೇಲೆ ಇಂಥದ್ದೇ ಬೇಕು. ಸ್ವಲ್ಪ ಚಿಕ್ಕದಾದ್ರೂ ಪರವಾಗಿಲ್ಲ."

ಕಳಿಸಿದವರು ಮಲೆನಾಡಿನ ಒಬ್ಬ ತೋಟದ ಮಾಲೀಕರು. ಕಾಫಿ, ಮೆಣಸು, ಜೊತೆಗೆ ಎಂಟು ರೂಮಿನ ಹೋಂಸ್ಟೇ. ನನ್ನದು ಬೆಂಗಳೂರಿನಲ್ಲಿ ಮೂರು ಜನರ ಆರ್ಕಿಟೆಕ್ಟ್ ಆಫೀಸು. ಅದರಲ್ಲಿ ಒಬ್ಬಳು ನಾನೇ. ಅಂಥ ಆಫೀಸಿಗೆ ಬಂದ ಕೆಲಸವನ್ನ ಬೇಡ ಅನ್ನೋ ಧೈರ್ಯ ಸುಲಭಕ್ಕೆ ಬರಲ್ಲ. ಹಿಂದಿನ ವಾರವಷ್ಟೇ ಜಾಗ ನೋಡಿಕೊಂಡು ಬಂದಿದ್ದೆ. ಜಿಗಣೆ ಕಚ್ಚಿದ ಗುರುತು ಕಾಲಿನಿಂದ ಇನ್ನೂ ಹೋಗಿರಲಿಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಕರಿ ಬಂಡೆ, ಅದರಾಚೆ ಹುಲ್ಲಿನ ಇಳಿಜಾರು, ಅದರ ಕೆಳಗೆ ಶೋಲಾ ಕಾಡು. ಅಷ್ಟೂ ನನಗೆ ಕಂಡಿದ್ದು ಹತ್ತು ನಿಮಿಷ, ಮಂಜು ಒಮ್ಮೆ ಸರಿದಾಗ. ಜೊತೆಗೆ ಬಂದಿದ್ದ ತೋಟದ ರೈಟರು ಛತ್ರಿ ಹಿಡಿದುಕೊಂಡೇ ಹೇಳಿದ್ರು, "ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿ ಎಂತ ಕಾಣ್ತದೆ ಮೇಡಂ, ನಮ್ಮ ಕೈ ನಮಗೆ ಕಂಡ್ರೆ ದೊಡ್ದು."

ಫೋಟೋ ನೋಡಿದ ತಕ್ಷಣ ನನಗೆ ನಗು ಬಂತು, ಯಾಕೆಂದ್ರೆ ಆ ಜಾಗದ ಹೆಸರು ಗೊತ್ತಿತ್ತು. ಅಮೆರಿಕದ ಅರಿಝೋನಾ ರಾಜ್ಯದ ಗ್ರ್ಯಾಂಡ್ ಕ್ಯಾನಿಯನ್ ಅದು. ಆ ನಗುವಿನಲ್ಲಿ ಸ್ವಲ್ಪ ಅಹಂಕಾರವೂ ಇತ್ತು ಅಂತ ಈಗ ಅನಿಸುತ್ತೆ. ಗಾಜು ಅಂದ್ರೆ ಶೋಕಿ, ಕಲ್ಲು ಅಂದ್ರೆ ಅಭಿರುಚಿ ಅಂತ ನಮಗೆಲ್ಲ ಕಾಲೇಜಿನಲ್ಲೇ ತಲೆಗೆ ತುಂಬಿಬಿಟ್ಟಿರ್ತಾರೆ. ಅದೇ ಕ್ಯಾನಿಯನ್‌ನ ಅಂಚಿನಲ್ಲಿ ನಾನು ಒಮ್ಮೆ ಪೆದ್ದಿಯಾದ ಕಥೆಯೂ ಇದೆ. ಅಲ್ಲಿಂದಲೇ ಶುರು ಮಾಡ್ತೀನಿ.

ನನ್ನ ಅಕ್ಕ ಇರೋದು ಫೀನಿಕ್ಸ್‌ನಲ್ಲಿ. ಕೆಲವು ವರ್ಷಗಳ ಹಿಂದೆ ಅವಳ ಮನೆಗೆ ಹೋಗಿದ್ದಾಗ ಭಾವ ಎಲ್ಲರನ್ನೂ ಕಾರಿಗೆ ತುಂಬಿಕೊಂಡು ಕ್ಯಾನಿಯನ್ ತೋರಿಸೋಕೆ ಹೊರಟರು. ಚಿತ್ರಾನ್ನದ ಡಬ್ಬಿ ಸಮೇತ. ಕ್ಯಾನಿಯನ್ ಅಂದ್ರೆ ತಲೆಕೆಳಗು ಮಾಡಿಟ್ಟ ಬೆಟ್ಟಸಾಲು ಅಂತ ಇಟ್ಟುಕೊಳ್ಳಿ. ಕೊಲರಾಡೋ ನದಿ ಕೊರೆದಿರೋ ಕಂದರ, ಉದ್ದ 446 ಕಿಲೋಮೀಟರ್, ಅಗಲ ಕೆಲವು ಕಡೆ 29 ಕಿಲೋಮೀಟರ್, ಆಳ ಒಂದೂವರೆ ಕಿಲೋಮೀಟರಿಗೂ ಹೆಚ್ಚು. ನಮ್ಮಲ್ಲಿ ಬೆಟ್ಟ ಹತ್ತಿದ ಮೇಲೆ ನೋಟ ಸಿಗುತ್ತೆ. ಅಲ್ಲಿ ಚಪ್ಪಟೆ ನೆಲದ ಮೇಲೆ ನಡೆದು ಹೋಗ್ತಾ ಇರ್ತೀರಿ, ಇದ್ದಕ್ಕಿದ್ದ ಹಾಗೆ ನೆಲವೇ ಮುಗಿದುಹೋಗುತ್ತೆ.

ದಕ್ಷಿಣ ಅಂಚಿನ ಪೂರ್ವದ ತುದಿಗೆ ಡೆಸರ್ಟ್ ವ್ಯೂ ಅಂತ ಒಂದು ಜಾಗ. ಅಲ್ಲೊಂದು ದುಂಡನೆಯ ಕಲ್ಲಿನ ಗೋಪುರ. ಒರಟು ಕಲ್ಲು, ಅಲ್ಲಲ್ಲಿ ಚಿಕ್ಕ ಚಿಕ್ಕ ಕಿಂಡಿ, ಪಕ್ಕದಲ್ಲಿ ಹಾಳುಬಿದ್ದ ಗೋಡೆಯ ಒಂದು ತುಂಡು. ಭಾವ ಕೇಳಿದ್ರು, "ನೀನು ಆರ್ಕಿಟೆಕ್ಟ್ ಅಲ್ವಾ, ಇದು ಎಷ್ಟು ವರ್ಷದ್ದು ಹೇಳು ನೋಡೋಣ." ನಾನು ಗೋಡೆ ತಟ್ಟಿ ನೋಡಿ, ಕಲ್ಲಿನ ಸವೆತ ನೋಡಿ, ಗಂಭೀರವಾಗಿ ಹೇಳಿದೆ, "ಏಳ್ನೂರು ವರ್ಷ ಆಗಿರಬಹುದು."

ಅದು 1932ರದ್ದು. ತೀರ್ಥಹಳ್ಳಿ ಹತ್ತಿರದ ನಮ್ಮ ಅಜ್ಜನ ಮನೆ ಅದಕ್ಕಿಂತ ಹಳೇದು! ಒಳಗೆ ಉಕ್ಕಿನ ಹಂದರ, ಅಡಿಪಾಯ ಕಾಂಕ್ರೀಟಿನದು. ಕಟ್ಟಿಸಿದ್ದು ಒಂದು ರೈಲ್ವೆ ಕಂಪನಿ ಮತ್ತು ಅದರ ಜೊತೆಗಿದ್ದ ಹೋಟೆಲ್ ಕಂಪನಿ. ವಿನ್ಯಾಸ ಮೇರಿ ಕೋಲ್ಟರ್ ಅನ್ನೋ ಹೆಂಗಸಿನದು, ಆಗ ಅವಳ ವಯಸ್ಸು ಅರವತ್ತು ದಾಟಿತ್ತು. ಭಾವ ಈಗಲೂ ಫೋನ್ ಮಾಡಿದ್ರೆ "ಏಳ್ನೂರು ವರ್ಷ ಹೇಗಿದೀಯಮ್ಮ?" ಅಂತಲೇ ಶುರು ಮಾಡೋದು.

ಆ ಹೊತ್ತಿನ ಅವಮಾನವೇ ನನ್ನನ್ನ ಕೋಲ್ಟರ್ ಹಿಂದೆ ಬೀಳಿಸಿದ್ದು. ಒಂದು ನೋಟದ ಕಟ್ಟೆಯನ್ನ, ವ್ಯೂಪಾಯಿಂಟನ್ನ, ಒಬ್ಬರು ಕೂತು ಡಿಸೈನ್ ಮಾಡ್ತಾರೆ ಅನ್ನೋದೇ ನಾವು ಮರೆಯೋ ವಿಷಯ. ಬೆಟ್ಟ ಅಲ್ಲೇ ಇರುತ್ತೆ, ನಾವು ಹೋಗಿ ನೋಡ್ತೀವಿ, ಅಷ್ಟೇ ತಾನೇ? ಅಷ್ಟೇ ಅಲ್ಲ. ನಮ್ಮಲ್ಲೇ ನೋಡಿ, ಮಡಿಕೇರಿಯಲ್ಲಿರೋದು ರಾಜಾಸೀಟ್, ಅಂದ್ರೆ ರಾಜ ಕೂರ್ತಿದ್ದ ಜಾಗ. ನಾವು ಟಿಕೆಟ್ ತಗೊಂಡು ಹೋಗಿ ರಾಜನ ಜಾಗದಲ್ಲಿ ನಿಂತು ರಾಜ ನೋಡಿದ್ದನ್ನೇ ನೋಡ್ತೀವಿ. ತಿರುಗಿ ನಿಂತು ಬೇರೆ ದಿಕ್ಕು ನೋಡಿದವರು ಎಷ್ಟು ಜನ?

ಗ್ರ್ಯಾಂಡ್ ಕ್ಯಾನಿಯನ್‌ನಲ್ಲಿ ಮಾತ್ರ ನಿಲ್ಲೋ ಜಾಗ ಗೊತ್ತಾಗೋಕೆ ಬಹಳ ಕಾಲ ಹಿಡೀತು. ಅಂದ್ರೆ, ಹೊರಗಿನಿಂದ ಬಂದವರಿಗೆ. 1540ರಲ್ಲಿ ಸ್ಪೇನಿನ ಗಾರ್ಸಿಯಾ ಲೋಪೆಝ್ ದೆ ಕಾರ್ದೆನಾಸ್ ಅನ್ನೋ ಸೇನಾಧಿಕಾರಿಯ ತಂಡವನ್ನ ಹೋಪಿ ಜನಾಂಗದ ದಾರಿಗಾರರು ಅಂಚಿಗೆ ಕರೆತಂದರು. ಯುರೋಪಿನವರು ಕ್ಯಾನಿಯನ್ ನೋಡಿದ್ದು ಅದೇ ಮೊದಲು. ನದಿಗೆ ಇಳಿಯೋ ದಾರಿಗಾಗಿ ಅವರು ಮೂರು ದಿನ ಹುಡುಕಿದರು. ಮೂವರು ಇಳಿಯೋಕೆ ಹೋಗಿ ಮೂರನೇ ಒಂದು ಭಾಗ ದೂರದಿಂದಲೇ ವಾಪಸ್ ಬಂದರು. ಮೇಲಿನಿಂದ ಆಳೆತ್ತರ ಕಂಡ ಬಂಡೆಗಳು ಹತ್ತಿರ ಹೋದರೆ ಸೆವಿಲ್ ನಗರದ ದೊಡ್ಡ ಗೋಪುರಕ್ಕಿಂತ ಎತ್ತರ ಇದ್ದವಂತೆ. ಅಳತೆಯೇ ಸಿಗದ ಜಾಗ. ನೋಟ ಚೆನ್ನಾಗಿತ್ತು ಅಂತ ಅವರಿಗೆ ಅನಿಸಿದ ಹಾಗಿಲ್ಲ. ಅವರಿಗೆ ಬೇಕಿದ್ದದ್ದು ಚಿನ್ನ ಮತ್ತು ನೀರು.

ಮುನ್ನೂರು ವರ್ಷ ಕಳೆದರೂ ಹೆಚ್ಚೇನೂ ಬದಲಾಗಿರಲಿಲ್ಲ. 1858ರಲ್ಲಿ ಅಮೆರಿಕದ ಸೇನೆಯ ಜೋಸೆಫ್ ಐವ್ಸ್ ಅಲ್ಲಿಗೆ ಬಂದ. ಲಾಭ ಇಲ್ಲದ ಈ ಜಾಗಕ್ಕೆ ಬಿಳಿಯರ ಪೈಕಿ ನಾವೇ ಮೊದಲು, ಬಹುಶಃ ನಾವೇ ಕೊನೆ ಅನ್ನೋ ಅರ್ಥದ ಮಾತು ಬರೆದಿಟ್ಟು ಹೋದ. ಪಾಪ, ಈಗ ಅಲ್ಲಿನ ಪಾರ್ಕಿಂಗ್ ನೋಡಿದ್ದಿದ್ರೆ!

ಐವ್ಸ್‌ಗೆ ಕಾಣದ ಲಾಭವನ್ನ ಕಂಡುಹಿಡಿದದ್ದು ರೈಲು. 1901ರ ಸೆಪ್ಟೆಂಬರ್‌ನಲ್ಲಿ ಸಾಂಟಾ ಫೇ ರೈಲ್ವೆ ವಿಲಿಯಮ್ಸ್ ಊರಿನಿಂದ ದಕ್ಷಿಣ ಅಂಚಿನವರೆಗೆ ಸುಮಾರು ನೂರು ಕಿಲೋಮೀಟರ್ ಹಳಿ ತಂದಿತು. ಹಳಿ ಬಂದ ಮೇಲೆ ಜನ ಬರಬೇಕು, ಬಂದವರು ಉಳಿಯಬೇಕು, ಉಳಿದವರು ಏನಾದರೂ ಕೊಳ್ಳಬೇಕು. ರೈಲ್ವೆಯ ಊಟ, ಹೋಟೆಲು, ಅಂಗಡಿಗಳನ್ನ ನೋಡಿಕೊಳ್ತಿದ್ದ ಫ್ರೆಡ್ ಹಾರ್ವಿ ಕಂಪನಿಗೆ ಮೇರಿ ಕೋಲ್ಟರ್ ಕೆಲಸಕ್ಕೆ ಸೇರಿದ್ದು ಹಾಗೆ. 1869ರಲ್ಲಿ ಹುಟ್ಟಿದವಳು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಿಸೈನ್ ಓದಿ, ಸೇಂಟ್ ಪಾಲ್ ಊರಿನ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಡ್ರಾಯಿಂಗ್ ಟೀಚರ್ ಆಗಿದ್ದವಳು. 1902ರಲ್ಲಿ ಮೊದಲ ಕೆಲಸ, 1910ರಿಂದ ಪೂರ್ತಿ ನೌಕರಿ. ಕ್ಯಾನಿಯನ್ ಅಂಚಿನಲ್ಲಿ ಅವಳ ಮೊದಲ ಕಟ್ಟಡ 1905ರ ಹೋಪಿ ಹೌಸ್. ಹೋಪಿ ಜನ ತಮ್ಮ ಕೈಯಾರೆ ಕಟ್ಟಿದ, ಹೋಪಿ ಊರಿನ ಮನೆಗಳ ಮಾದರಿಯ ಅಂಗಡಿ ಅದು.

ನನಗೆ ಇಷ್ಟವಾದ ಕಥೆ 1914ರದ್ದು. ಬ್ರೈಟ್ ಏಂಜೆಲ್ ಅನ್ನೋ ಕಾಲುದಾರಿಯ ಬಾಯಲ್ಲೇ ಕೋಲ್ಬ್ ಅಣ್ಣತಮ್ಮಂದಿರ ಫೋಟೋ ಸ್ಟುಡಿಯೋ ಇತ್ತು. ಹೇಸರಗತ್ತೆ ಹತ್ತಿ ಕೆಳಗಿಳಿಯೋ ಪ್ರವಾಸಿಗರ ಫೋಟೋ ಬೆಳಿಗ್ಗೆ ತೆಗೆಯೋದು, ಸಂಜೆ ಅವರು ಮೇಲೆ ಬರೋ ಹೊತ್ತಿಗೆ ಪ್ರಿಂಟ್ ರೆಡಿ ಇಡೋದು. ಅಂಚಿನ ಮೇಲೆ ನೀರಿಲ್ಲ. ಹಾಗಾಗಿ ಎಮೆರಿ ಕೋಲ್ಬ್ ಫೋಟೋ ಪ್ಲೇಟು ಹಿಡಿದುಕೊಂಡು ಏಳು ಕಿಲೋಮೀಟರ್ ಕೆಳಗಿದ್ದ ಬುಗ್ಗೆಯವರೆಗೆ ಓಡಿ, ಅಲ್ಲಿ ತೊಳೆದು, ಮತ್ತೆ ಮೂರು ಸಾವಿರ ಅಡಿ ಮೇಲೆ ಓಡಿ ಬರ್ತಿದ್ದ. ಡೆಲಿವರಿ ಹುಡುಗರ ಕಷ್ಟ ಇವತ್ತಿನದಲ್ಲ ನೋಡಿ.

ಈ ಸ್ಟುಡಿಯೋಗೆ ಪೈಪೋಟಿ ಕೊಡೋಕೆ ಕಂಪನಿ ಪಕ್ಕದಲ್ಲೇ ಒಂದು ಕಟ್ಟಡ ಬೇಕು ಅಂತು. ಅಂದ್ರೆ ಕೋಲ್ಟರ್‌ಗೆ ಬಂದ ಬೇಡಿಕೆ ಅಪ್ಪಟ ವ್ಯಾಪಾರದ್ದು. ಅವಳು ಕೊಟ್ಟಿದ್ದು ಲುಕ್‌ಔಟ್ ಸ್ಟುಡಿಯೋ. ಅಲ್ಲಿದ್ದ ಸುಣ್ಣಕಲ್ಲನ್ನೇ ಬಳಸಿ, ಸೂರಿನ ಅಂಚನ್ನ ಬಂಡೆಯ ಏರಿಳಿತದಂತೆಯೇ ಅಂಕುಡೊಂಕು ಮಾಡಿ, ಗೋಡೆ ಎಲ್ಲಿ ಮುಗೀತು, ಪ್ರಪಾತ ಎಲ್ಲಿ ಶುರುವಾಯ್ತು ಅಂತ ದೂರದಿಂದ ಗೊತ್ತಾಗದ ಹಾಗೆ ಕಟ್ಟಿದಳು. ಕಲ್ಲಿನ ಸಂದಿಯಲ್ಲಿ ಹುಲ್ಲು ಬೆಳೆದರೆ ಕೀಳೋ ಹಾಗಿರಲಿಲ್ಲ. ಕೆಳಗಿನ ಮಟ್ಟದಲ್ಲಿ ಒಂದು ಕಟ್ಟೆ, ಒಂದು ದೂರದರ್ಶಕ. ನಾನು ಅಲ್ಲಿ ನಿಂತಾಗ ಗಮನಿಸಿದ್ದು ಒಂದೇ ವಿಷಯ. ಆ ಕಟ್ಟೆ ನಿಮ್ಮನ್ನ ಮುಂದಕ್ಕೆ ತಳ್ಳಲ್ಲ. ಒಂದೊಂದೇ ಮೆಟ್ಟಿಲು ಇಳಿಸಿ, ಬೆನ್ನಿಗೆ ಒಂದು ಗೋಡೆ ಕೊಟ್ಟು, ಆಮೇಲೆ ಆಳ ತೋರಿಸುತ್ತೆ. ಎತ್ತರಕ್ಕೆ ಹೆದರೋ ನನ್ನಂಥವಳಿಗೆ ಬೆನ್ನ ಹಿಂದೆ ಗೋಡೆ ಇರೋದು ಎಷ್ಟು ದೊಡ್ಡ ಉಪಕಾರ ಅಂತ ಹೆದರದವರಿಗೆ ಗೊತ್ತಾಗಲ್ಲ.

ಅದೇ ವರ್ಷ, ಹನ್ನೊಂದು ಕಿಲೋಮೀಟರ್ ಪಶ್ಚಿಮಕ್ಕೆ, ಹರ್ಮಿಟ್ಸ್ ರೆಸ್ಟ್ ಅನ್ನೋ ತಂಗುದಾಣ. ಯಾರೋ ಸನ್ಯಾಸಿ ಕೈಗೆ ಸಿಕ್ಕ ಕಲ್ಲು ಪೇರಿಸಿ ಕಟ್ಟಿಕೊಂಡ ಗವಿಯ ಥರ ಇದೆ. ಒಳಗೆ ದೊಡ್ಡ ಅಗ್ಗಿಷ್ಟಿಕೆ. ಹೊಸ ಕಟ್ಟಡ ಉದ್ಘಾಟನೆ ಆಗೋ ಹೊತ್ತಿಗೇ ಅದರ ಕಲ್ಲಿನ ಮೇಲೆ ಮಸಿ, ಮೂಲೆಯಲ್ಲಿ ಜೇಡರಬಲೆ. ಅದನ್ನೆಲ್ಲ ಅವಳೇ ಹಚ್ಚಿಸಿದ್ದು. ರೈಲ್ವೆಯವರು ಗುಡಿಸಿ ಒರೆಸಬಾರದಾ ಅಂತ ತಮಾಷೆ ಮಾಡಿದಾಗ, ಇದನ್ನ ಇಷ್ಟು ಹಳೇದಾಗಿ ಕಾಣಿಸೋಕೆ ಎಷ್ಟು ಖರ್ಚಾಯ್ತು ಗೊತ್ತಾ ಅಂತ ನಕ್ಕಳಂತೆ.

ಡೆಸರ್ಟ್ ವ್ಯೂ ಗೋಪುರಕ್ಕೆ ಬಂದಾಗ ಈ ಹಟ ತುದಿ ಮುಟ್ಟಿತ್ತು. ಹೋವೆನ್‌ವೀಪ್, ಮೆಸಾ ವರ್ಡೆ ಕಡೆಯ ಪುರಾತನ ಪ್ಯೂಬ್ಲೋ ಜನರ ಗೋಪುರಗಳ ಅವಶೇಷಗಳನ್ನ ಹುಡುಕಿಕೊಂಡು ಹೋಗಿ ನೋಡಿ ಬಂದಳು. ಮಣ್ಣಿನಲ್ಲಿ ಮಾದರಿ ಮಾಡಿದಳು. ಅದೂ ಸಾಲದೆ, ಪೂರ್ತಿ ಎಪ್ಪತ್ತು ಅಡಿಯ ಮರದ ಅಟ್ಟಣಿಗೆಯನ್ನ ಜಾಗದಲ್ಲೇ ನಿಲ್ಲಿಸಿ, ಆ ಎತ್ತರದಿಂದ ಏನು ಕಾಣುತ್ತೆ ಅಂತ ಪರೀಕ್ಷಿಸಿದಳು. ಅವಳ ಎಲ್ಲ ಕೆಲಸಗಳಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸೋದು ಇದು. ನಾವೀಗ ಕಂಪ್ಯೂಟರಿನಲ್ಲಿ ಬೆಟ್ಟ ಮಾಡಿ, ಅದರ ಮೇಲೆ ಬಿಸಿಲು ಹಾಕಿ, ನಗ್ತಾ ಇರೋ ನಾಲ್ಕು ಜನರನ್ನ ಅಂಟಿಸಿ ಕ್ಲೈಂಟಿಗೆ ಕಳಿಸ್ತೀವಿ. ಆ ಎತ್ತರಕ್ಕೆ ಹತ್ತಿ ಒಮ್ಮೆ ಗಾಳಿಗೆ ಮುಖ ಕೊಟ್ಟವರು ಯಾರು?

ಗೋಪುರ ಎಪ್ಪತ್ತು ಅಡಿ, ಬುಡದ ಅಗಲ ಮೂವತ್ತು ಅಡಿ. ಹಂದರ ಕಟ್ಟಿದ್ದು ರೈಲ್ವೆಯ ಸೇತುವೆ ವಿಭಾಗದವರು. ಹೊರಗಿನ ಕಲ್ಲಿಗೆ ಮಾತ್ರ ಉಳಿ ತಾಗಬಾರದು ಅನ್ನೋ ನಿಯಮ. ಕಡೆದರೆ ಗಾಳಿಮಳೆಗೆ ಸವೆದ ಮೈ ಹೋಗಿ ಹೊಸ ಮೈ ಕಾಣುತ್ತಲ್ಲ, ಅದಕ್ಕೆ. ಹೊಂದೋ ಕಲ್ಲು ಸಿಗೋವರೆಗೂ ಹುಡುಕಬೇಕಿತ್ತು. ಪಕ್ಕದ ಹಾಳು ಗೋಡೆಯೂ ಬೇಕಂತಲೇ ಹಾಳಾಗಿ ಕಟ್ಟಿದ್ದು. ನಾನು ಏಳ್ನೂರು ವರ್ಷ ಅಂದಿದ್ದು ಪೂರ್ತಿ ನನ್ನ ತಪ್ಪಲ್ಲ ಅಂತ ಈಗಲಾದ್ರೂ ಒಪ್ತೀರಾ?

ಅವಳು ಮಾತ್ರ ಯಾರಿಗೂ ಸುಳ್ಳು ಹೇಳಿರಲಿಲ್ಲ. ಇದು ಯಾವುದರ ನಕಲೂ ಅಲ್ಲ, ಪುರಾತನ ಗೋಪುರಗಳ ಗುಣವನ್ನ ಮತ್ತೆ ಹಿಡಿಯೋ ಪ್ರಯತ್ನ ಅಂತ ಪ್ರವಾಸಿ ಗೈಡುಗಳಿಗಾಗಿಯೇ ಒಂದು ಕೈಪಿಡಿ ಬರೆದಿದ್ದಳು. ಗೈಡಿನ ಮಾತು ಕೇಳದೆ ಗೋಡೆ ತಟ್ಟಿದವಳು ನಾನು.

ಆ ಗೋಪುರದಲ್ಲಿ ಇನ್ನೊಂದು ವಿಚಿತ್ರ ವಸ್ತು ಇದೆ. ಕಪ್ಪು ಕನ್ನಡಿ ಕೂರಿಸಿದ ಪೆಟ್ಟಿಗೆಗಳು. ಕ್ಯಾನಿಯನ್ನನ್ನ ನೇರವಾಗಿ ನೋಡೋ ಬದಲು ಆ ಕನ್ನಡಿಯಲ್ಲಿ ನೋಡಬೇಕು. ಬಿಸಿಲಿನ ಝಳ ಕಡಿಮೆಯಾಗಿ, ಬಣ್ಣ ಗಾಢವಾಗಿ, ಚೌಕಟ್ಟು ಹಾಕಿದ ಪೇಂಟಿಂಗ್ ಥರ ಕಾಣುತ್ತೆ. ಒಂದು ರೀತಿಯಲ್ಲಿ ಇನ್‌ಸ್ಟಾಗ್ರಾಮ್ ಫಿಲ್ಟರ್.

ಈ ಉಪಾಯ ಕೋಲ್ಟರ್ ಕಂಡುಹಿಡಿದದ್ದಲ್ಲ. ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಬೆಟ್ಟ, ಸರೋವರ ನೋಡೋಕೆ ಹೋಗೋ ಸಿರಿವಂತರು ಕ್ಲೋಡ್ ಗ್ಲಾಸ್ ಅನ್ನೋ ಚಿಕ್ಕ ಕಪ್ಪು ಕನ್ನಡಿಯನ್ನ ಜೇಬಿನಲ್ಲಿಟ್ಟುಕೊಂಡು ಹೋಗ್ತಿದ್ರು. ಬೆಟ್ಟಕ್ಕೆ ಬೆನ್ನು ತಿರುಗಿಸಿ ನಿಂತು ಕನ್ನಡಿಯಲ್ಲಿ ಬೆಟ್ಟ ನೋಡೋದು. ಥಾಮಸ್ ಗ್ರೇ ಅನ್ನೋ ಕವಿ 1769ರಲ್ಲಿ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹೀಗೇ ಕನ್ನಡಿ ಹಿಡಿದು ಹೋಗ್ತಾ ಕೆಸರು ಓಣಿಯಲ್ಲಿ ಬೆನ್ನ ಮೇಲೆ ಬಿದ್ದ. ಪುಣ್ಯಕ್ಕೆ ಕೈಗೆಣ್ಣು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಸೆಲ್ಫಿ ತೆಗೆಯೋಕೆ ಹೋಗಿ ಬೀಳೋರ ಮೂಲಪುರುಷ ಅಂತ ನಾನು ಅವನನ್ನ ಕರೀತೀನಿ. 1778ರಲ್ಲಿ ಥಾಮಸ್ ವೆಸ್ಟ್ ಅನ್ನೋ ಪಾದ್ರಿ ಅದೇ ಸರೋವರಗಳಿಗೆ ಗೈಡ್‌ಬುಕ್ ಬರೆದು, ಎಲ್ಲೆಲ್ಲಿ ನಿಂತು ಏನೇನು ನೋಡಬೇಕು ಅಂತ ಜಾಗಗಳನ್ನ ಗುರುತು ಮಾಡಿಕೊಟ್ಟ. ಆ ಜಾಗಗಳಿಗೆ ಅವನಿಟ್ಟ ಹೆಸರು ಸ್ಟೇಷನ್. ಅಂಥ ಒಂದು ಸ್ಟೇಷನ್ನಿನಲ್ಲಿ, ವಿಂಡರ್‌ಮಿಯರ್ ಸರೋವರದ ದಂಡೆಯ ಕ್ಲೇಫ್‌ನಲ್ಲಿ, 1790ರ ದಶಕದಲ್ಲಿ ಒಂದು ಪುಟ್ಟ ಕಟ್ಟಡವೇ ಎದ್ದಿತು. ಅದರ ಕಿಟಕಿಗಳಿಗೆ ಬಣ್ಣದ ಗಾಜು. ಹಳದಿಯಲ್ಲಿ ನೋಡಿದರೆ ಬೇಸಿಗೆ, ತಿಳಿಹಸಿರಿನಲ್ಲಿ ವಸಂತ, ಕಡುನೀಲಿಯಲ್ಲಿ ಬೆಳದಿಂಗಳು. ಅಂದ್ರೆ ಇನ್ನೂರು ವರ್ಷಕ್ಕೂ ಹಿಂದೆಯೇ, ಇದ್ದದ್ದನ್ನ ಇದ್ದ ಹಾಗೆ ನೋಡೋದು ಸಾಕಾಗಿರಲಿಲ್ಲ ಜನಕ್ಕೆ.

ಇಷ್ಟು ಓದಿದ ಮೇಲೆ ನನಗೆ ಕೋಲ್ಟರ್ ಗುರು ಆಗಿಬಿಟ್ಟಿದ್ದಳು. ತೋಟದ ಮಾಲೀಕರಿಗೆ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ: ಗಾಜು ಬೇಡ, ಕಲ್ಲು ಇರಲಿ, ಕಟ್ಟಿದ್ದು ಕಾಣಬಾರದು, ಬೆಟ್ಟವೇ ಕಾಣಬೇಕು ಇತ್ಯಾದಿ. ಆಮೇಲೆ ಆ ಬುಗ್ಗೆಯ ಬಗ್ಗೆ ಓದಿದೆ. ಎಮೆರಿ ಕೋಲ್ಬ್ ಫೋಟೋ ತೊಳೆಯೋಕೆ ಓಡಿ ಹೋಗ್ತಿದ್ದನಲ್ಲ, ಅದೇ ಬುಗ್ಗೆ.

ಅದರ ಹೆಸರು ಆಗ ಇಂಡಿಯನ್ ಗಾರ್ಡನ್. ಹವಸುಪೈ ಜನ ಅಲ್ಲಿ ತಲೆತಲಾಂತರದಿಂದ ಬೆಳೆ ಬೆಳೀತಿದ್ದರು. 1882ರಲ್ಲಿ ಸರ್ಕಾರ ಅವರಿಗೆ ಅಂತ ಗುರುತಿಸಿದ್ದು ಬೇರೊಂದು ಕಣಿವೆಯ ತಳದಲ್ಲಿ ಬರೀ 518 ಎಕರೆ. ಅವರು ಬೇಟೆಯಾಡ್ತಿದ್ದ, ಚಳಿಗಾಲ ಕಳೀತಿದ್ದ ಮೇಲಿನ ಬಯಲು ಪೂರ್ತಿ ಕೈಬಿಟ್ಟಿತು. 1919ರಲ್ಲಿ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನ ಆಯ್ತು. 1928ರಲ್ಲಿ ಇಂಡಿಯನ್ ಗಾರ್ಡನ್‌ನಲ್ಲಿ ಉಳಿದಿದ್ದ ಕೊನೆಯ ಹವಸುಪೈ, ಕ್ಯಾಪ್ಟನ್ ಬರ್ರೋ ಅಂತ ದಾಖಲೆಗಳಲ್ಲಿರೋ ವ್ಯಕ್ತಿ, ಅವನನ್ನೂ ಅಲ್ಲಿಂದ ಬಲವಂತವಾಗಿ ಹೊರಗೆ ಕಳಿಸಿದರು.

1928. ನಾಲ್ಕೇ ವರ್ಷದಲ್ಲಿ, ಅದೇ ಅಂಚಿನ ಮೇಲೆ, ಈ ನೆಲದ ಪುರಾತನರ ನೆನಪಿಗೆ ಅಂತ ಒಂದು ಗೋಪುರ ಎದ್ದು ನಿಂತಿತು. ಕಲ್ಲಿನ ಹಳೇತನಕ್ಕೆ ಅಷ್ಟು ಮರ್ಯಾದೆ, ಕೆಳಗೆ ಜೋಳ ಬೆಳೀತಿದ್ದ ಮನುಷ್ಯನಿಗೆ ಗೇಟ್‌ಪಾಸು. ಹವಸುಪೈ ಬೇರೆ, ಪ್ಯೂಬ್ಲೋ ಜನ ಬೇರೆ, ಓಡಿಸಿದ್ದು ಉದ್ಯಾನ ಇಲಾಖೆ, ಕಟ್ಟಿದ್ದು ಕಂಪನಿ, ಎಲ್ಲ ನಿಜ. ಕೋಲ್ಟರ್ ಯಾರನ್ನೂ ಓಡಿಸಲಿಲ್ಲ, ಅದೂ ನಿಜ. ಆದರೂ ಲುಕ್‌ಔಟ್ ಸ್ಟುಡಿಯೋದ ಆ ಕಟ್ಟೆಯಿಂದ ಕೆಳಗೆ ನೋಡಿದ್ರೆ ಕಾಣೋ ಹಸಿರು ತೇಪೆ ಇದೆಯಲ್ಲ, ಅದೇ ಆ ಜಾಗ. ನಾನು ಅಲ್ಲಿ ನಿಂತು ಬೆನ್ನ ಹಿಂದಿನ ಗೋಡೆಯನ್ನ ಮೆಚ್ಚಿಕೊಳ್ತಾ ಇದ್ದೆ. ಕಂಡ ಹಸಿರು ಯಾರು ಬೆಳೆದದ್ದು ಅಂತ ಕೇಳಬೇಕು ಅಂತ ಹೊಳೆದಿರಲಿಲ್ಲ.

ಗೋಪುರದ ಒಳಗೆ ಮಾತ್ರ ಒಂದು ಬೇರೆ ದನಿ ಇದೆ. ಗೋಡೆಯ ಚಿತ್ರಗಳಲ್ಲಿ ಮುಖ್ಯವಾದವನ್ನ ಬರೆದವನು ಫ್ರೆಡ್ ಕಬೋಟಿ ಅನ್ನೋ ಹೋಪಿ ಕಲಾವಿದ. ಮೂಲನಿವಾಸಿ ಮಕ್ಕಳು ತಮ್ಮ ನಡೆನುಡಿ ಮರೀಬೇಕು ಅಂತಲೇ ನಡೀತಿದ್ದ ಸರ್ಕಾರಿ ವಸತಿ ಶಾಲೆಗೆ ಹೋದ ಹುಡುಗ, ಅಲ್ಲಿಯೇ ಕುಂಚ ಹಿಡಿದು ತನ್ನೂರಿನ ಕುಣಿತಗಳನ್ನ ಬರೆಯೋಕೆ ಕಲಿತವನು. ಗೋಪುರದಲ್ಲಿ ಅವನು ಬರೆದದ್ದು ಹೋಪಿಗಳ ಒಂದು ಪುರಾಣಕಥೆ: ಕೊಲರಾಡೋ ನದಿಯಲ್ಲಿ ತೇಲಿಕೊಂಡು ಕೆಳಗೆ ಹೋಗಿ ಹಾವಿನ ಜನರನ್ನ ಸೇರಿದ ಯುವಕನದ್ದು. ಹೊರಗಿನ ಕಿಟಕಿಯಲ್ಲಿ ನದಿ ದೂರದ ಒಂದು ನೂಲು. ಒಳಗಿನ ಗೋಡೆಯಲ್ಲಿ ಅದೇ ನದಿಯೊಳಗೆ ಒಬ್ಬ ಮನುಷ್ಯ. ಮೇಲಿನಿಂದ ನೋಡೋರ ಗೋಪುರದೊಳಗೆ ಕೂತು ಅವನು ಕೆಳಗಿನಿಂದ ನೋಡೋರ ಕಥೆ ಬರೆದಿಟ್ಟ.

ಹವಸುಪೈಗಳು ಸುಮ್ಮನಿರಲಿಲ್ಲ. ದಶಕಗಳ ಹೋರಾಟದ ನಂತರ, 1975ರಲ್ಲಿ, ಸುಮಾರು 1,85,000 ಎಕರೆ ವಾಪಸ್ ಪಡೆದರು. 2022ರಲ್ಲಿ ಇಂಡಿಯನ್ ಗಾರ್ಡನ್ ಹೆಸರು ಹವಸುಪೈ ಗಾರ್ಡನ್ಸ್ ಅಂತ ಬದಲಾಯ್ತು. ಡೆಸರ್ಟ್ ವ್ಯೂ ಗೋಪುರದ ಸುತ್ತ ಈಗ ಹನ್ನೊಂದು ಮೂಲನಿವಾಸಿ ಸಮುದಾಯಗಳು ತಮ್ಮ ಕಥೆಯನ್ನ ತಾವೇ ಹೇಳೋ ಕೇಂದ್ರ ರೂಪುಗೊಳ್ತಿದೆ.

ಇನ್ನು ನಾನು ನಕ್ಕಿದ್ದ ಆ ಗಾಜಿನ ಕುದುರೆ ಲಾಳ. ಅದು ರಾಷ್ಟ್ರೀಯ ಉದ್ಯಾನದೊಳಗಿಲ್ಲ. ಪಶ್ಚಿಮಕ್ಕೆ ಕಾರಿನಲ್ಲಿ ನಾಲ್ಕೈದು ಗಂಟೆ ದೂರ, ಹುವಾಲಪೈ ಜನರ ಸ್ವಂತ ನೆಲದಲ್ಲಿದೆ. 2007ರ ಮಾರ್ಚ್‌ನಲ್ಲಿ ತೆರೆದಾಗ ಮೊದಲು ನಡೆದವರಲ್ಲಿ ಚಂದ್ರನ ಮೇಲೆ ನಡೆದಿದ್ದ ಬಝ್ ಆಲ್ಡ್ರಿನ್ ಕೂಡ ಇದ್ದ. ಅಂಚಿನಿಂದ ಎಪ್ಪತ್ತು ಅಡಿ ಆಚೆಗೆ ಚಾಚಿದೆ. ನೋಡಿ, ಕೋಲ್ಟರ್ ಮೇಲಕ್ಕೆ ಎಪ್ಪತ್ತು, ಇವರು ಮುಂದಕ್ಕೆ ಎಪ್ಪತ್ತು. ಕಾಲಿಗೆ ಬಟ್ಟೆಯ ಚೀಲ ಹಾಕಿಕೊಳ್ಳಬೇಕು, ಗಾಜು ಗೀಚದ ಹಾಗೆ. ಸ್ವಂತ ಫೋನು, ಕ್ಯಾಮೆರಾ ತೆರೆದಾಗಿನಿಂದಲೂ ಒಳಗೆ ಬಿಡ್ತಿರಲಿಲ್ಲ. ಫೋಟೋ ಬೇಕಿದ್ದರೆ ಅವರೇ ತೆಗೆದು ಮಾರೋದು. ಕೋಲ್ಬ್ ಅಣ್ಣತಮ್ಮಂದಿರ ವ್ಯಾಪಾರವೇ, ನೂರು ವರ್ಷದ ನಂತರ.

ಕಟ್ಟಿದಾಗ ಬೈದವರು ಬಹಳ. ಕ್ಯಾನಿಯನ್‌ಗೆ ಅವಮಾನ ಅಂದರು, ಜಾತ್ರೆಯ ಜೋಕಾಲಿ ಅಂದರು. ಹುವಾಲಪೈ ಹಿರಿಯರಲ್ಲೂ ಕೆಲವರು ಇದು ಪವಿತ್ರ ನೆಲ, ಬೇಡ ಅಂದಿದ್ದರು. ಮಿಕ್ಕವರು ನಮ್ಮ ಮಕ್ಕಳಿಗೆ ಕೆಲಸ ಬೇಕು ಅಂದರು. ಎರಡೂ ಮಾತಿಗೆ ತೂಕ ಇದೆ. ಆದರೆ ಒಂದು ವ್ಯತ್ಯಾಸವನ್ನ ನಾನು ಅಲ್ಲಿಯವರೆಗೆ ಲೆಕ್ಕಕ್ಕೇ ತಗೊಂಡಿರಲಿಲ್ಲ. ಆ ಜಗಳ ಆಡಿದವರು ನೆಲದ ಒಡೆಯರೇ. ಡೆಸರ್ಟ್ ವ್ಯೂನಲ್ಲಿ ಅಂಥ ಜಗಳಕ್ಕೆ ಯಾರನ್ನೂ ಕರೆದಿರಲಿಲ್ಲ. ಕಣ್ಣಿಗೆ ಕೋಲ್ಟರ್‌ದೇ ಚೆಂದ, ಇವತ್ತಿಗೂ ನನ್ನ ವೋಟು ಅವಳಿಗೇ. ಆದರೆ ಮರೆಯಾಗಿ ನಿಲ್ಲೋ ಕಟ್ಟಡ ಬೇರೆ ಏನೇನನ್ನೋ ಮರೆಮಾಡಬಲ್ಲದು ಅಂತ ಗೊತ್ತಾದ ಮೇಲೆ ನನ್ನ ಭಾಷಣದ ಗಾಳಿ ಇಳಿದುಹೋಯ್ತು.

ಮತ್ತೆ ಮಲೆನಾಡಿಗೆ ಹೋದೆ, ಈ ಸಲ ಡಿಸೆಂಬರ್‌ನಲ್ಲಿ. ಬಿಸಿಲು ಚೆನ್ನಾಗಿತ್ತು, ಸಾಲು ಸಾಲು ಬೆಟ್ಟ ನೀಲಿಯಾಗಿ ಕಾಣ್ತಿತ್ತು. ಅಳತೆ ಟೇಪು ಬಿಚ್ಚೋಕೆ ಹೋದರೆ ಕರಿ ಬಂಡೆಯ ಮೇಲೆ ನಾಲ್ಕು ಜನ ಹೆಂಗಸರು ನಿಂತಿದ್ದರು. ತೋಟದ ಲೈನ್ ಮನೆಗಳವರು. ಬೆಟ್ಟದ ಕಡೆ ಒಬ್ಬರೂ ನೋಡ್ತಿರಲಿಲ್ಲ. ಎಲ್ಲರ ಕಿವಿಯಲ್ಲೂ ಫೋನು.

"ಇದು ನೆಟ್‌ವರ್ಕ್ ಬಂಡೆ ಮೇಡಂ," ಅಂದ್ರು ರೈಟರು. "ಲೈನಲ್ಲಿ ಸಿಗ್ನಲ್ ಇಲ್ಲ. ಊರಿಗೆ ಮಾತಾಡ್ಬೇಕಂದ್ರೆ, ಮಕ್ಕಳ ಶಾಲೆಗೆ ಫೋನ್ ಮಾಡ್ಬೇಕಂದ್ರೆ, ರಾತ್ರಿ ಯಾರಿಗಾದ್ರೂ ಹುಷಾರು ತಪ್ಪಿದ್ರೆ, ಎಲ್ಲದಕ್ಕೂ ಇಲ್ಲಿಗೇ ಬರೋದು."

ಮಾಲೀಕರ ಪ್ಲಾನಿನಲ್ಲಿ ಗಾಜಿನ ಕಟ್ಟೆಯ ಬುಡ ಸರಿಯಾಗಿ ಆ ಬಂಡೆಯ ಮೇಲೆ ಬರೋದು. ಮುಂದಕ್ಕೆ ಚಾಚೋ ಕಟ್ಟೆಗೆ ಹಿಂದಿನಿಂದ ಹಿಡಿದುಕೊಳ್ಳೋ ಭಾರ ಬೇಕಲ್ಲ, ಗಟ್ಟಿ ಬಂಡೆ ಇರೋದು ಅಲ್ಲೊಂದೇ. ಸುತ್ತ ಬೇಲಿ, ಒಂದು ಗೇಟು, ಟಿಕೆಟ್ ಕೌಂಟರು.

ಸಂಜೆ ಜಗಲಿಯಲ್ಲಿ ಕಾಫಿ ಕುಡೀತಾ ಮಾಲೀಕರಿಗೆ ಹೇಳಿದೆ. ಗಾಜಿಗೆ ನಾಲ್ಕು ತಿಂಗಳ ಮಳೆಯಲ್ಲಿ ಪಾಚಿ ಕಟ್ಟುತ್ತೆ, ಜಾರುತ್ತೆ, ದಿನಾ ಉಜ್ಜೋಕೆ ಜನ ಬೇಕು ಅಂದೆ. ಅದು ಅವರಿಗೆ ತಕ್ಷಣ ಅರ್ಥವಾಯ್ತು, ತೋಟ ಮಾಡೋರಿಗೆ ಪಾಚಿ ಅಂದ್ರೇನು ಅಂತ ಹೇಳಿಕೊಡಬೇಕಿಲ್ಲ. ಇಪ್ಪತ್ತು ಹೆಜ್ಜೆ ಕೆಳಗೆ, ಕಾಲುದಾರಿ ತಿರುಗೋ ಕಡೆ, ಅಲ್ಲಿನ ಕಲ್ಲಿನದ್ದೇ ಒಂದು ಕಟ್ಟೆ, ಬೆನ್ನಿಗೆ ಗೋಡೆ, ಮೇಲೆ ಏನೂ ಇಲ್ಲ ಅಂತ ಸ್ಕೆಚ್ ತೋರಿಸಿದೆ. ಅದನ್ನೂ ತಿರುಗಿಸಿ ಮುರುಗಿಸಿ ನೋಡಿದ್ರು. ಬಂಡೆಯನ್ನ ಬೇಲಿಯ ಹೊರಗೆ ಬಿಡೋಣ ಅಂದಾಗ ಮಾತ್ರ ಸುಮ್ಮನಾದರು.

"ಗೆಸ್ಟ್‌ಗಳ ಫೋಟೋದಲ್ಲಿ ಇವ್ರೆಲ್ಲ ಬರ್ತಾರಲ್ಲ ಮೇಡಂ?"

"ಬರ್ಲಿ ಬಿಡಿ ಸರ್," ಅಂದೆ. ಇನ್ನೂ ಏನೋ ಹೇಳಬೇಕಿತ್ತು. ಇಂಗ್ಲೆಂಡಿನ ಕನ್ನಡಿ, ಹವಸುಪೈ, 1928, ಎಲ್ಲ ಬಾಯಿಗೆ ಬಂದು ಅಲ್ಲೇ ನಿಂತಿತು. ಅವರು "ನೋಡೋಣ" ಅಂದ್ರು. ಅರ್ಧ ಫೀಸು ಕೊಟ್ಟರು, ಡ್ರಾಯಿಂಗ್ ಇಟ್ಟುಕೊಂಡರು.

ಕಟ್ಟೆ ಈಗ ಆಗಿದೆ. ಮೇಸ್ತ್ರಿ ಕಲ್ಲನ್ನ ಸ್ವಲ್ಪ ಜಾಸ್ತಿಯೇ ಕಡೆದುಬಿಟ್ಟಿದ್ದಾರೆ, ಕೋಲ್ಟರ್ ನೋಡಿದ್ದರೆ ಒಡೆಸಿ ಮತ್ತೆ ಕಟ್ಟಿಸ್ತಿದ್ದಳು. ನಾನು ಹೋಗಿ ನೋಡಿಲ್ಲ, ಫೋಟೋ ಬಂತು. ಫೋಟೋದಲ್ಲಿ ಬಂಡೆಯ ಕಡೆಗೆ ಕಬ್ಬಿಣದ ಗೇಟೊಂದು ಅರ್ಧ ಕಾಣ್ತಿತ್ತು. ಅವತ್ತಿಡೀ ತಲೆಯಲ್ಲಿ ಅದೇ. ಕೊನೆಗೆ ರೈಟರಿಗೆ ಫೋನ್ ಮಾಡಿದೆ, ಎರಡು ಸಲ ಸಿಗಲಿಲ್ಲ. ಸಂಜೆ ಅವರೇ ಮಾಡಿದ್ರು. ಫೋನಿನ ತುಂಬ ಗಾಳಿಯ ಸದ್ದು. ಎಲ್ಲಿ ನಿಂತು ಮಾತಾಡ್ತಿದ್ದಾರೆ ಅಂತ ಕೇಳೋ ಅಗತ್ಯ ಇರಲಿಲ್ಲ.

"ಗೇಟ್ ಹಾಕಿದ್ದಾರಲ್ಲ ರೈಟರೇ?"

"ಹಾಕಿದ್ದಾರೆ ಮೇಡಂ. ಬೀಗ ಹಾಕಿಲ್ಲ."